ಹಿಂದಕ್ಕೆ ನಾಲ್ಕು ಗೇರು, ಮುಂದಕ್ಕೆ ಒಂದು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ನೀವು ಬೇರೆಯವರ ಬಾಯಿಂದ ಕೇಳುವುದು ಬೇಡ. ನಾನು ಕೈಯಾರೆ ಕಟ್ಟಿದ ಸ್ಪೋರ್ಟ್ಸ್ ಕಾರಿಗೆ ಹಿಂದಕ್ಕೆ ಹೋಗಲು ನಾಲ್ಕು ಗೇರುಗಳಿದ್ದವು, ಮುಂದಕ್ಕೆ ಹೋಗಲು ಒಂದೇ. ಹಿಂದಿನ ಆಕ್ಸೆಲನ್ನು, ಅಂದರೆ ಹಿಂದಿನ ಎರಡು ಚಕ್ರಗಳನ್ನು ಜೋಡಿಸುವ, ನಡುವೆ ಗುಡಾಣದಂಥ ಹೊಟ್ಟೆಯಿರುವ ಆ ಉಕ್ಕಿನ ತೊಲೆಯನ್ನು, ನಾನು ತಲೆಕೆಳಗಾಗಿ ಕೂರಿಸಿದ್ದೆ. ಕೈತಪ್ಪಿ ಅಲ್ಲ. ಯೋಚನೆ ಮಾಡಿ, ಲೆಕ್ಕ ಹಾಕಿ, ನನ್ನ ಬೆನ್ನು ನಾನೇ ತಟ್ಟಿಕೊಂಡು ಕೂರಿಸಿದ್ದೆ. ಆಕ್ಸೆಲ್ ಮಗುಚಿದರೆ ಚಕ್ರ ತಿರುಗುವ ದಿಕ್ಕೂ ಮಗುಚುತ್ತದೆ ಅನ್ನುವ ಒಂದು ಸಣ್ಣ ಸಂಗತಿ ಮಾತ್ರ ಹೊಳೆದಿರಲಿಲ್ಲ. ಅದು ಹೊಳೆದದ್ದು ದಸರೆಯ ದಿನ, ಇಡೀ ಸೊಸೈಟಿಯ ಎದುರು, ಅಪ್ಪನ ಮಾತು ನನ್ನ ಕಾಲಡಿಯ ಕ್ಲಚ್ಚಿನ ಮೇಲೆ ನಿಂತಿದ್ದ ಹೊತ್ತಿಗೆ.

ಆಗ ಎಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ನಾವಿದ್ದದ್ದು ಮುಂಬಯಿಯ ಸಾಂತಾಕ್ರೂಜ್ ಈಸ್ಟಿನ ಒಂದು ಹೌಸಿಂಗ್ ಸೊಸೈಟಿಯಲ್ಲಿ. ವಿಮಾನ ತಲೆಯ ಮೇಲೆ ಹಾದಾಗ ಮಾತನ್ನು ಅರ್ಧಕ್ಕೆ ನಿಲ್ಲಿಸಿ, ಅದು ಹೋದಮೇಲೆ ಅದೇ ಅಕ್ಷರದಿಂದ ಮುಂದುವರಿಸುವುದು ನಮ್ಮ ಬಿಲ್ಡಿಂಗಿನಲ್ಲಿ ಎಲ್ಲರಿಗೂ ರೂಢಿ. ಅಪ್ಪ ಮೈಸೂರಿನಿಂದ ಬ್ಯಾಂಕಿನ ಕೆಲಸಕ್ಕೆ ಬಂದು ಫೋರ್ಟ್ ಏರಿಯಾದ ಬ್ರಾಂಚಿನಲ್ಲಿ ಬೇರೂರಿದವರು. ಸಾಲದ್ದಕ್ಕೆ ಸೊಸೈಟಿಯ ಸೆಕ್ರೆಟರಿ. ಗ್ಯಾಲರಿಯಿಂದ ಹೂಕುಂಡದ ನೀರು ಕೆಳಗೆ ಬೀಳಬಾರದು, ಮೆಟ್ಟಿಲ ಮೇಲೆ ಚಪ್ಪಲಿ ಬಿಡಬಾರದು, ಕಾಂಪೌಂಡಿನಲ್ಲಿ ನಿಷ್ಪ್ರಯೋಜಕ ವಸ್ತುಗಳನ್ನು ಇಡಬಾರದು ಅಂತ ಮೂರು ಭಾಷೆಗಳಲ್ಲಿ ನೋಟೀಸು ಬರೆದು ಅಂಟಿಸುವುದು ಅವರ ಭಾನುವಾರದ ಆನಂದ. ಆ ಮೂರನೆಯ ನೋಟೀಸಿನ ಸರಿಯಾಗಿ ಎದುರಿಗೆ ನನ್ನ ಕಾರು ನಿಂತಿತ್ತು.

ನಾನು ಫೋರ್ಟಿನಲ್ಲೇ ಒಂದು ಆಫೀಸಿನಲ್ಲಿ ಯಂತ್ರಗಳ ನಕ್ಷೆ ಬರೆಯುವ ಕೆಲಸದಲ್ಲಿದ್ದೆ. ಕಾಗದದ ಮೇಲೆ ನಾನು ಬರೆದ ಯಂತ್ರ ಯಾವತ್ತೂ ಹಿಂದಕ್ಕೆ ಹೋದದ್ದಿಲ್ಲ. ಆ ಧೈರ್ಯದ ಮೇಲೆಯೇ ಕಾರನ್ನು ತಂದದ್ದು. ದಾದರಿನಲ್ಲಿ ಒಬ್ಬ ಪಾರ್ಸಿ ಮುದುಕರ ಗ್ಯಾರೇಜಿನಲ್ಲಿ ಅದು ಧೂಳು ಹೊದ್ದು ಮಲಗಿತ್ತು. ಇಂಗ್ಲೆಂಡಿನಲ್ಲಿ ಹುಟ್ಟಿದ್ದು, ಎರಡೇ ಸೀಟು, ಹರಿದುಹೋದ ಬಟ್ಟೆಯ ಚಾವಣಿ, ವಯಸ್ಸಿನಲ್ಲಿ ನನಗಿಂತ ದೊಡ್ಡದು. ಸಂಜೆ ಟ್ರೇನ್ ಬದಲಿಸುವ ನೆಪದಲ್ಲಿ ದಾದರಿನಲ್ಲಿ ಇಳಿದು, ಗ್ಯಾರೇಜಿನ ಬಾಗಿಲ ಸಂದಿಯಿಂದ ಅದನ್ನು ನೋಡುತ್ತಾ ನಿಲ್ಲುತ್ತಿದ್ದೆ. ನಾನು ನಿಂತೂ ನಿಂತೂ ಆ ಮುದುಕರಿಗೇ ಬೇಸರವಾಗಿರಬೇಕು. "ಲೇ ಜಾ ಬಾಬಾ, ಲೇ ಜಾ. ಲೇಕಿನ್ ವಾಪಸ್ ಮತ್ ಲಾನಾ," ಅಂದರು. ತೊಗೊಂಡು ಹೋಗು, ಮತ್ತೆ ತರಬೇಡ. ಇಂಥ ಮಾತು ಹೇಳಿ ಯಾರಾದರೂ ವಸ್ತು ಕೊಟ್ಟರೆ ಬುದ್ಧಿಯಿದ್ದವನು ಯೋಚಿಸಬೇಕು. ನಾನು ಹಗ್ಗ ತರಲು ಓಡಿದೆ.

ಕಾರು ಮನೆಗೆ ಬಂದ ದಿನ ಅಮ್ಮ ಗ್ಯಾಲರಿಯಿಂದ ಬಗ್ಗಿ ನೋಡಿ, "ಮೇಲೆ ಹೊದಿಕೆ ಇಲ್ಲ, ಒಳಗೆ ಇಂಜಿನ್ ಇಲ್ಲ. ಕಾರು ಅಂತ ಹೇಗೋ ಗೊತ್ತಾಯ್ತು ನಿಂಗೆ?" ಅಂತ ಕೇಳಿದಳು.

ಇಂಜಿನ್ ಇತ್ತು ಅನ್ನಿ, ತುಕ್ಕಿನ ಒಂದೇ ಗಟ್ಟಿ ಮುದ್ದೆಯಾಗಿ. ಆ ಕಾರಿನ ಬಿಡಿಭಾಗಗಳು ಮುಂಬಯಿಯಲ್ಲಿ ಇರಲಿಲ್ಲ, ಇಂಡಿಯಾದಲ್ಲಿ ಇರಲಿಲ್ಲ. ಹಾಗಾಗಿ ನಾನು ಮಾಡುತ್ತಿದ್ದುದಕ್ಕೆ ರಿಪೇರಿ ಅನ್ನುವ ಹಾಗಿರಲಿಲ್ಲ. ರಿಪೇರಿ ಅಂದರೆ ಮೊದಲಿದ್ದ ಹಾಗೆ ಮಾಡುವುದು. ಮೊದಲು ಹೇಗಿತ್ತು ಅಂತ ಗೊತ್ತಿಲ್ಲದವನು ಮಾಡುವ ಕೆಲಸಕ್ಕೆ ಮಾಡಿಫಿಕೇಶನ್ ಅನ್ನುತ್ತಾರೆ. ಕುರ್ಲಾದ ಭಂಗಾರ್ ಬಜಾರಿನಿಂದ, ಅಂದರೆ ಗುಜರಿ ಮಾರ್ಕೆಟ್ಟಿನಿಂದ, ಒಂದು ಸತ್ತ ಟ್ಯಾಕ್ಸಿಯ ಇಂಜಿನ್ನು ಮತ್ತು ಗೇರ್‌ಬಾಕ್ಸ್ ತಂದೆ. ಆ ಇಂಜಿನ್ನು ಎತ್ತರವಾಗಿದ್ದು ಬಾನೆಟ್ ಮುಚ್ಚಲಿಲ್ಲ. ಬಾನೆಟ್ಟಿಗೆ ತೂತು ಕೊರೆದೆ. ತೂತಿನಿಂದ ಇಂಜಿನ್ನು ಇಣುಕುತ್ತಿದ್ದುದರಿಂದ ಅದಕ್ಕೊಂದು ಮುಚ್ಚಳ ಬೇಕಾಯಿತು.

ಇಲ್ಲಿ ನನ್ನ ಗೆಳೆಯನ ಪ್ರವೇಶವಾಗಬೇಕು. ಉಡುಪಿ ಕಡೆಯವನು, ನಮ್ಮ ರಸ್ತೆಯ ಮೂಲೆಯಲ್ಲಿ ಅವನ ಮಾವನ ಹೋಟೆಲಿನಲ್ಲಿ ದುಡ್ಡಿನ ಗಲ್ಲಾದ ಮುಂದೆ ಕೂರುತ್ತಿದ್ದವನು. ಗಲ್ಲಾದಲ್ಲಿ ಕೂತದ್ದಕ್ಕಿಂತ ನನ್ನ ಕಾರಿನ ಕೆಳಗೆ ಮಲಗಿದ್ದೇ ಹೆಚ್ಚು ಅಂತ ಅವನ ಮಾವನ ದೂರು. ಅವನು ಒಂದು ಮಧ್ಯಾಹ್ನ ಹೋಟೆಲಿನ ಇಡ್ಲಿ ಪಾತ್ರೆಯ ಅಲ್ಯೂಮಿನಿಯಂ ಮುಚ್ಚಳ ಹಿಡಿದು ಬಂದ.

"ಇದು ಸಾಕಾ ನೋಡು ಮಾರಾಯ. ಸ್ವಲ್ಪ ಸೊಟ್ಟ ಉಂಟು, ಹಾಗಾಗಿ ಅಲ್ಲಿ ಉಪಯೋಗ ಇಲ್ಲ."

"ಸ್ಪೋರ್ಟ್ಸ್ ಕಾರಿಗೆ ಇಡ್ಲಿ ಮುಚ್ಚಳಾನಾ?"

"ಬಣ್ಣ ಹೊಡೆದ್ರೆ ಯಾರಿಗೆ ಗೊತ್ತಾಗ್ತದೆ? ಮತ್ತೆ ಉಗಿ ಹೊರಗೆ ಹೋಗ್ಲಿಕ್ಕೆ ತೂತೂ ಉಂಟು. ನಿನ್ನ ಇಂಜಿನ್ ಹೇಗೂ ಬೇಯುದೇ ಅಲ್ವಾ?"

ಮುಚ್ಚಳವನ್ನು ಅರ್ಧಕ್ಕೆ ಕತ್ತರಿಸಿ, ಕೆಂಪು ಬಣ್ಣ ಬಳಿದು ಕೂರಿಸಿದೆವು. ದೂರದಿಂದ ನೋಡಿದರೆ ವಿದೇಶಿ ರೇಸಿಂಗ್ ಕಾರಿನ ಹಾಗೆ ಕಾಣುತ್ತಿತ್ತು. ಹತ್ತಿರದಿಂದ ನೋಡಿದರೆ ಹಸಿವಾಗುತ್ತಿತ್ತು. ಒಂದು ಸರಿಮಾಡಿದರೆ ಇನ್ನೊಂದು ಕೈಕೊಡುತ್ತಿತ್ತು. ಬಾಗಿಲು ಹಾಕಿದರೆ ಡಿಕ್ಕಿ ತೆರೆದುಕೊಳ್ಳುವುದು, ಸ್ಟೀರಿಂಗ್ ಎಡಕ್ಕೆ ತಿರುಗಿಸಿದರೆ ಹಾರ್ನ್ ಬಡಿದುಕೊಳ್ಳುವುದು. ನಾನು ಬೈದರೆ ಕೇಳಿಸಿಕೊಳ್ಳುವಂತೆ ಸುಮ್ಮನಿದ್ದು, ಮಾರನೆಯ ದಿನ ಹೊಸದೊಂದು ಸೇಡು ಹುಡುಕುತ್ತಿತ್ತು ಆ ಕಾರು. ನನಗೂ ಸಾಕಾಗಿತ್ತು. ಆದರೆ ಬಿಡುವಷ್ಟು ಸಾಕಾಗಿರಲಿಲ್ಲ, ಅದೇ ಕಷ್ಟ.

ಇಷ್ಟಾದರೂ ಅಪ್ಪ ಸುಮ್ಮನಿದ್ದರು. ದಿನಾ ಬೆಳಿಗ್ಗೆ ಸ್ಕೂಟರ್ ಹತ್ತಿ ಸ್ಟೇಷನ್ನಿಗೆ ಹೊರಡುವಾಗ ಕಾರಿನ ಕಡೆ ನೋಡದೆ ಹೋಗುತ್ತಿದ್ದರು, ಸಾಲ ತೀರಿಸದ ನೆಂಟನ ಮನೆಯ ಮುಂದೆ ಹೋಗುವ ಹಾಗೆ. ಗಲಾಟೆ ಹತ್ತಿದ್ದು ಗಣಪತಿ ಹಬ್ಬದಲ್ಲಿ. ನಮ್ಮ ಸೊಸೈಟಿಯ ಗಣಪತಿಯ ಮಂಟಪ ಪ್ರತಿ ವರ್ಷ ಏಳುತ್ತಿದ್ದದ್ದು ಕಾರು ನಿಂತ ಜಾಗದಲ್ಲೇ. ಆ ಹೊತ್ತಿಗೆ ಕಾರಿಗೆ ಹಿಂದಿನ ಚಕ್ರಗಳಿರಲಿಲ್ಲ, ಹಳೆಯ ಆಕ್ಸೆಲ್ ಮುರಿದು ಅದು ಇಟ್ಟಿಗೆಗಳ ಮೇಲೆ ಕೂತಿತ್ತು. ತಳ್ಳಲೂ ಆಗದು. ಹಾಗಾಗಿ ಆ ವರ್ಷ ಗಣಪತಿ ಕಸದ ಡಬ್ಬಿಯ ಪಕ್ಕದಲ್ಲಿ ಕೂತ. ಆರತಿಯ ಹೊತ್ತಿಗೆ ಗಾಳಿ ಆ ಕಡೆಯಿಂದ ಬೀಸಿದರೆ ಎಲ್ಲರೂ ನನ್ನ ಕಡೆ ನೋಡುತ್ತಿದ್ದರು.

ವಿಸರ್ಜನೆ ಮುಗಿದದ್ದೇ ತಡ, ಚೇರ್ಮನ್ ಮೀಟಿಂಗ್ ಕರೆದರು. ಮೇಲಿನ ಮಹಡಿಯ ರಿಟೈರ್ಡ್ ಮರಾಠಿ ಮನುಷ್ಯ, ಇಸ್ತ್ರಿ ಮಾಡಿದ ಬಿಳಿ ಪೈಜಾಮ, ಅಪ್ಪ ಅಂಟಿಸಿದ ಪ್ರತಿ ನೋಟೀಸಿಗೂ ಎಂದಾದರೂ ಒಮ್ಮೆ ಸಿಕ್ಕಿಬಿದ್ದವರು. ಅವರ ಹೂಕುಂಡಗಳ ನೀರು ಇಡೀ ಸೊಸೈಟಿಗೆ ಗೊತ್ತಿತ್ತು.

"ಸೆಕ್ರೆಟರಿ ಸಾಹೇಬ್," ಅಂದರು ತುಂಬಾ ಮೆತ್ತಗೆ, "ರೂಲ್ ಸಬ್ ಕೇ ಲಿಯೇ ಹೈ, ಯಾ ಸಿರ್ಫ್ ಮೇರೇ ತುಲಸೀ ಕೇ ಗಮಲೇ ಕೇ ಲಿಯೇ?" ರೂಲು ಎಲ್ಲರಿಗೋ, ನನ್ನ ತುಳಸಿ ಕುಂಡಕ್ಕೆ ಮಾತ್ರವೋ?

ಟೆರೇಸಿನ ಮೇಲೆ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕೂತಿದ್ದವರೆಲ್ಲ ಅಪ್ಪನನ್ನು ನೋಡಿದರು. ಅಪ್ಪ ಎದ್ದು ನಿಂತರು. ಅವರ ಹಿಂದಿ ಮೈಸೂರಿನಿಂದ ಇನ್ನೂ ಪೂರ್ತಿ ಹೊರಟಿರಲಿಲ್ಲ.

"ದಸರಾ ಕೇ ದಿನ್ ಗಾಡಿ ಅಪನೇ ಆಪ್ ಗೇಟ್ ಕೇ ಬಾಹರ್ ಜಾಯೇಗಾ, ರೋಡ್ ಪೇ ಏಕ್ ಚಕ್ಕರ್ ಮಾರೇಗಾ, ವಾಪಸ್ ಆಯೇಗಾ. ನಹೀ ತೋ ಭಂಗಾರ್‌ವಾಲೇ ಕೋ ಮೈ ಖುದ್..."

ಅಷ್ಟಕ್ಕೆ ವಿಮಾನ ಬಂತು. ಅಪ್ಪನಿಗೆ ಮಾತು ಬದಲಿಸಲು ಬೇಕಾದಷ್ಟು ಸಮಯವಿತ್ತು. ನಾನು ಕಣ್ಣಲ್ಲೇ ಬೇಡಿದೆ. ಅವರು ವಿಮಾನ ಹೋಗುವವರೆಗೆ ಕಾದು, ಸರಿಯಾಗಿ ನಿಲ್ಲಿಸಿದ ಜಾಗದಿಂದ ಎತ್ತಿಕೊಂಡರು. "...ಮೈ ಖುದ್ ಬುಲಾಯೇಗಾ. ಔರ್ ಸೆಕ್ರೆಟರಿ ಭೀ ನಹೀ ರಹೇಗಾ."

ಅಂದರೆ ದಸರೆಯ ದಿನ ಕಾರು ತಾನಾಗಿಯೇ ಗೇಟು ದಾಟಿ ಹೋಗಿಬರಬೇಕು. ಇಲ್ಲದಿದ್ದರೆ ಕಾರು ಗುಜರಿಗೆ, ಅಪ್ಪನ ಸೆಕ್ರೆಟರಿಗಿರಿಯೂ ನೋಟೀಸುಗಳೂ ಅದರ ಹಿಂದೆಯೇ. ಮೆಟ್ಟಿಲಿಳಿಯುವಾಗ ಅಪ್ಪ ನನ್ನ ಕಡೆ ತಿರುಗದೆಯೇ ಹೇಳಿದರು:

"ಇಷ್ಟು ವರ್ಷದಲ್ಲಿ ನಾನು ಮೀಟಿಂಗಲ್ಲಿ ಹೇಳಿದ ಮಾತು ಒಂದೂ ಸುಳ್ಳಾಗಿಲ್ಲ. ನೆನಪಿಟ್ಕೋ."

ನಾನೂ ಗೆಳೆಯನೂ ಮಾರನೆಯ ದಿನವೇ ಕುರ್ಲಾಕ್ಕೆ ಓಡಿದೆವು. ಟ್ಯಾಕ್ಸಿಯದೇ ಒಂದು ಆಕ್ಸೆಲ್ ಸಿಕ್ಕಿತು. ಅದನ್ನು ತರಲು ಟೆಂಪೊ ಸಿಗಲಿಲ್ಲ. ಸಿಕ್ಕ ಒಬ್ಬ ಟೆಂಪೊದವನು ನಮ್ಮ ಮುಖ ನೋಡಿ ದುಪ್ಪಟ್ಟು ಬಾಡಿಗೆ ಹೇಳಿದ. ಕಡೆಗೆ ಗ್ರೀಸು ಬಟ್ಟೆಗೆ ಹತ್ತದಿರಲಿ ಅಂತ ಆಕ್ಸೆಲಿಗೆ ಒಂದು ಬಿಳಿ ಬೆಡ್‌ಶೀಟ್ ಸುತ್ತಿ, ಆಚೆ ಈಚೆ ಹೆಗಲು ಕೊಟ್ಟು, ಲೋಕಲ್ ಟ್ರೇನಿನ ಲಗೇಜ್ ಡಬ್ಬಿ ಹತ್ತಿದೆವು. ಒಳಗೆ ಮೀನಿನ ಬುಟ್ಟಿಗಳ ಜೊತೆ ಕೂತಿದ್ದ ಹೆಂಗಸರು ಬೈಯುತ್ತಲೇ ಜಾಗ ಬಿಟ್ಟರು. ದಾದರಿನಲ್ಲಿ ಇಳಿದು ವೆಸ್ಟರ್ನ್ ಲೈನಿಗೆ ಹೋಗಲು ಸೇತುವೆ ದಾಟಬೇಕು. ಸಂಜೆಯ ದಾದರ್ ಸೇತುವೆಯ ಮೇಲೆ ಇರುವೆಗೂ ದಾರಿ ಇರುವುದಿಲ್ಲ. ನಮಗೆ ಮಾತ್ರ ಜನ ತಾವಾಗಿಯೇ ಪಕ್ಕಕ್ಕೆ ಸರಿದರು. ಒಬ್ಬರು ಚಪ್ಪಲಿ ಬಿಟ್ಟು ಕೈಮುಗಿದರು. ಒಬ್ಬಾಕೆ ಮಗುವಿನ ಕಣ್ಣು ಮುಚ್ಚಿದಳು.

"ಇವ್ರೆಲ್ಲ ಎಂತದಕ್ಕೆ ದಾರಿ ಬಿಡುದು ಮಾರಾಯ?" ಅಂದ ಗೆಳೆಯ ಹಿಂದಿನಿಂದ.

ಬಿಳಿ ಬಟ್ಟೆ, ಇಬ್ಬರ ಹೆಗಲು, ನಡುವೆ ಉಬ್ಬಿದ ಹೊಟ್ಟೆ. ನನಗೆ ಅರ್ಥವಾಯಿತು. "ತಿರುಗಿ ನೋಡಬೇಡ. ಮುಖ ಸ್ವಲ್ಪ ಸಪ್ಪಗೆ ಮಾಡ್ಕೊಂಡು ನಡಿ," ಅಂದೆ.

"ಸಪ್ಪಗೇ ಉಂಟು. ನನ್ನ ಹೆಗಲು ಹೋಯ್ತು."

ಇಷ್ಟು ಗೌರವದಿಂದ ತಂದ ಆಕ್ಸೆಲನ್ನು ಜೋಡಿಸಿದರೆ ಕಾರಿನ ಹಿಂಭಾಗ ಬಾತುಕೋಳಿಯ ಹಾಗೆ ಮೇಲೆದ್ದು ನಿಂತಿತು. ಟ್ಯಾಕ್ಸಿಯ ಆಕ್ಸೆಲಿನಲ್ಲಿ ಸ್ಪ್ರಿಂಗಿನ ಪಟ್ಟಿಗಳು ಮೇಲೆ ಕೂರುತ್ತವೆ. ಸ್ಪೋರ್ಟ್ಸ್ ಕಾರು ನೆಲಕ್ಕೆ ತಗ್ಗಿ ನಿಲ್ಲಬೇಕಾದರೆ ಸ್ಪ್ರಿಂಗ್ ಕೆಳಗೆ ಬರಬೇಕು. ಸ್ಪ್ರಿಂಗ್ ಕೂರುವ ಪೀಠಗಳನ್ನು ಕತ್ತರಿಸಿ, ಕೆಳಗಡೆಗೆ ವೆಲ್ಡಿಂಗ್ ಮಾಡಿಸಬೇಕು, ಎಲ್ಲರೂ ಹಾಗೆಯೇ ಮಾಡುವುದು. ಎಲ್ಲರೂ ಮಾಡುವುದನ್ನು ನಾನೇಕೆ ಮಾಡಲಿ? ಆಕ್ಸೆಲನ್ನೇ ಮಗುಚಿದರೆ ಪೀಠ ತಾನಾಗಿಯೇ ಕೆಳಗೆ ಬರುತ್ತದಲ್ಲ! ಆಫೀಸಿನಲ್ಲಿ ಊಟದ ಹೊತ್ತಿನಲ್ಲಿ ಈ ವಿಚಾರ ಹೊಳೆದಾಗ ನನಗೆ ಅನ್ನ ಸೇರಲಿಲ್ಲ, ಅಷ್ಟು ಸಂತೋಷ.

ಕಾರು ಪಾಪ ಎಚ್ಚರಿಸಲು ನೋಡಿತು. ಇಂಜಿನ್ನಿನಿಂದ ಆಕ್ಸೆಲಿಗೆ ಹೋಗುವ ಶಾಫ್ಟು ಇರಬೇಕಾದ್ದಕ್ಕಿಂತ ಎತ್ತರದಲ್ಲಿ ಬಂದು ನೆಲದ ತಗಡಿಗೆ ತಗಲಿತು. ಸುತ್ತಿಗೆಯಿಂದ ತಗಡನ್ನು ಬಡಿದು ಜಾಗ ಮಾಡಿದೆ. ಆಕ್ಸೆಲಿನ ಹೊಟ್ಟೆಗೆ ಎಣ್ಣೆ ಹಾಕಿದರೆ ಕೆಳಗಿನ ಒಂದು ಸಣ್ಣ ತೂತಿನಿಂದ ತೊಟ್ಟಿಕ್ಕಿತು. ಅದು ಉಸಿರಾಡಲು ಮೇಲಿರಬೇಕಾದ ತೂತು ಅನ್ನುವುದು ತಲೆಗೆ ಹೋಗಲಿಲ್ಲ, ಮರದ ಬೂಚು ಜಡಿದೆ. ಯಾರ ಬಾಯಿಯನ್ನಾದರೂ ಮುಚ್ಚಿಸುವ ಉತ್ಸಾಹದಲ್ಲಿದ್ದೆ.

ಕೆಲಸ ಮುಗಿದದ್ದು ಆಯುಧಪೂಜೆಯ ಸಂಜೆ. ಅಮ್ಮ ಬೆಳಿಗ್ಗೆಯೇ ಹೊಲಿಗೆ ಯಂತ್ರ, ಕುಕ್ಕರು, ಕತ್ತರಿ, ಅಪ್ಪನ ಸ್ಕೂಟರು ಎಲ್ಲಕ್ಕೂ ಕುಂಕುಮ ಇಟ್ಟಾಗಿತ್ತು. ಕಾರಿನ ಸರದಿಗೆ ಬಂದಾಗ ಅದು ಎರಡು ಕಡೆ ಬಿದ್ದಿತ್ತು. "ಯಾವ ತುಂಡಿಗೋ ಪೂಜೆ ಮಾಡ್ಲಿ?" ಅಂತ ಕೇಳಿ, ಉತ್ತರಕ್ಕೆ ಕಾಯದೆ, "ನಾಳೆ ದಸರೆ ದಿನ ಇಲ್ಲಿಯವರ ಜೊತೆನೇ ಮಾಡೋಣ ಬಿಡು," ಅಂತ ಒಳಗೆ ಹೋಗಿದ್ದಳು. ಸಂಜೆ ಕಾರಿನ ಹಿಂಭಾಗವನ್ನು ಜ್ಯಾಕ್ ಮೇಲೆ ಎತ್ತಿಟ್ಟು ಇಂಜಿನ್ ಶುರು ಮಾಡಿ ಗೇರ್ ಹಾಕಿದೆ. ಚಕ್ರಗಳು ಗಾಳಿಯಲ್ಲಿ ಗಿರ್ರನೆ ತಿರುಗಿದವು. ಗೆಳೆಯ ಮುಂದೆ ಬಾನೆಟ್ಟಿನಲ್ಲಿ ತಲೆಯಿಟ್ಟು "ಹಾಯ್!" ಅಂತ ಖುಷಿಯಿಂದ ಕೂಗಿದ. ಅಷ್ಟರಲ್ಲಿ ಅಮ್ಮ ಹೂವು ತಗೊಂಡು ಮಾರ್ಕೆಟ್ಟಿನಿಂದ ಬಂದವಳು ನಿಂತು ನೋಡಿದಳು.

"ಅಲ್ವೋ, ಚಕ್ರ ಹಿಂದಕ್ಕೆ ತಿರುಗ್ತಾ ಇದೆಯಲ್ಲೋ?"

ಈಗ ನಾಚಿಕೆಯಾಗುತ್ತದೆ, ಆದರೂ ನಾನು ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ. "ಅಮ್ಮ, ಅದು ಕಣ್ಣಿನ ಭ್ರಮೆ. ಸಿನಿಮಾದಲ್ಲಿ ಕುದುರೆಗಾಡಿ ಜೋರಾಗಿ ಓಡುವಾಗ ಚಕ್ರ ಹಿಂದಕ್ಕೆ ಹೋದ ಹಾಗೆ ಕಾಣಲ್ವಾ? ಅದಕ್ಕೆ ಸೈನ್ಸ್ ಇದೆ."

"ಹೌದೇನೋ," ಅಂದಳು ಅಮ್ಮ. ಮೆಟ್ಟಿಲ ಹತ್ತಿರ ಹೋಗಿ ಇನ್ನೊಮ್ಮೆ ತಿರುಗಿ ನೋಡಿದಳು. "ಆದ್ರೆ ಇದು ಸಿನಿಮಾ ಅಲ್ವಲ್ಲೋ."

ವಿಮಾನ ಬಂತು. ನಾನು ಆ ನೆಪದಲ್ಲಿ ಬಾನೆಟ್ಟಿನೊಳಗೆ ತಲೆ ಹಾಕಿದೆ.

ಮಾರನೆಯ ದಿನ ಬೆಳಿಗ್ಗೆ ಕಾಂಪೌಂಡಿನಲ್ಲಿ ಎಲ್ಲರೂ ಸೇರಿದರು. ಬೇರೆಯವರ ಗಾಡಿಗಳಿಗೆ ಚೆಂಡುಹೂವಿನ ತೋರಣ ಬಿದ್ದಾಗಿತ್ತು, ಯಾರೂ ಹೊರಡಲಿಲ್ಲ. ಗ್ಯಾಲರಿಗಳಲ್ಲಿ ಜನ. ಚೇರ್ಮನ್ ಕುರ್ಚಿಯನ್ನೇ ತರಿಸಿಕೊಂಡು ಗೇಟಿನ ಪಕ್ಕ ಕೂತಿದ್ದರು. ಅಪ್ಪ ಸ್ನಾನ ಮಾಡಿ, ರೇಷ್ಮೆ ಪಂಚೆ ಉಟ್ಟು, ಶಲ್ಯ ಹೊದ್ದು, ಹಣೆಗೆ ಗಂಧ ಇಟ್ಟುಕೊಂಡು, ಕಾರಿನ ಹಿಂದೆ ನಿಲ್ಲಿಸಿದ್ದ ಹೂಮಾಲೆಯ ಸ್ಕೂಟರಿನ ಪಕ್ಕ ಕೈಕಟ್ಟಿ ನಿಂತಿದ್ದರು. ಅಮ್ಮ ಇಡ್ಲಿ ಮುಚ್ಚಳಕ್ಕೆ ಕುಂಕುಮ ಇಟ್ಟು, ಆರತಿ ಎತ್ತಿ, ಕಾಯಿ ಒಡೆದು, ನಾಲ್ಕೂ ಚಕ್ರಗಳ ಮುಂದೆ ಒಂದೊಂದು ನಿಂಬೆಹಣ್ಣು ಇಟ್ಟಳು. ಗಾಡಿ ಮೊದಲ ಹೆಜ್ಜೆಗೆ ನಿಂಬೆಹಣ್ಣು ತುಳಿದು ಮುಂದೆ ಹೋಗಬೇಕು, ದೃಷ್ಟಿಯೆಲ್ಲ ಅದರೊಂದಿಗೆ ಹೋಗಬೇಕು. ನಮ್ಮ ಕಡೆ ಎಲ್ಲರೂ ಮಾಡುವುದು ಅದನ್ನೇ.

ಇಂಜಿನ್ ಒಂದೇ ಸಲಕ್ಕೆ ಶುರುವಾಯಿತು. ನಾನು ಚೇರ್ಮನ್ನರ ಕಡೆ ನೋಡಿ ನಕ್ಕೆ. ಫಸ್ಟ್ ಗೇರ್ ಹಾಕಿ, ಕ್ಲಚ್ ಬಿಟ್ಟು, ಗೇಟಿನ ಕಡೆ ಕೊರಳು ಚಾಚಿದೆ.

ಗೇಟು ದೂರ ಹೋಯಿತು.

ಒಂದು ಕ್ಷಣ ನನಗೆ ಗೇಟೇ ಓಡುತ್ತಿದೆ ಅನಿಸಿತು. ಹಿಂದಿನಿಂದ ಧಡ್ ಅಂತ ಸದ್ದು ಬಂತು. ಅಪ್ಪ ಪಂಚೆ ಎತ್ತಿಕೊಂಡು ಪಕ್ಕಕ್ಕೆ ಹಾರಿದ್ದರು, ಸ್ಕೂಟರು ಮಾಲೆ ಸಮೇತ ಪಕ್ಕಕ್ಕೆ ಉರುಳಿ ಮಲಗಿತ್ತು. ನಾಲ್ಕೂ ನಿಂಬೆಹಣ್ಣುಗಳು ಇಟ್ಟಲ್ಲೇ ಗುಂಡಗೆ, ಹಳದಿಯಾಗಿ ಹೊಳೆಯುತ್ತಿದ್ದವು.

ಗೇರ್ ತಪ್ಪಾಗಿ ಬಿದ್ದಿರಬೇಕು ಅಂದುಕೊಂಡು ಸೆಕೆಂಡ್ ಹಾಕಿದೆ. ಕಾರು ಇನ್ನಷ್ಟು ಉತ್ಸಾಹದಿಂದ ಹಿಂದಕ್ಕೆ ಹೋಗಿ, "ನಿಷ್ಪ್ರಯೋಜಕ ವಸ್ತುಗಳನ್ನು ಇಡಬಾರದು" ಅನ್ನುವ ನೋಟೀಸಿನ ಗೋಡೆಗೆ ಬೆನ್ನು ತಾಗಿಸಿ ನಿಂತಿತು.

"ಸೆಕ್ರೆಟರಿ ಸಾಹೇಬ್," ಅಂದರು ಚೇರ್ಮನ್ ಕೂತಲ್ಲಿಂದಲೇ, "ಗೇಟ್ ಇಧರ್ ಹೈ." ಗೇಟು ಈ ಕಡೆ ಇದೆ.

ಯಾರೋ ಕಿಸಕ್ಕನೆ ನಕ್ಕರು. ಅಪ್ಪ ನಗಲಿಲ್ಲ, ಬೈಯಲೂ ಇಲ್ಲ. ಗಂಧದ ಕೆಳಗೆ ಅವರ ಮುಖ ಬಿಳಿಚಿಕೊಂಡಿತ್ತು. ಅಮ್ಮ ನಿಂಬೆಹಣ್ಣುಗಳನ್ನೇ ನೋಡುತ್ತಿದ್ದಳು. ಎರಡು ವರ್ಷದ ಸಿಟ್ಟು, ಗ್ರೀಸು, ಕುರ್ಲಾ, ದಾದರ್ ಸೇತುವೆ ಎಲ್ಲ ನನ್ನ ಮುಷ್ಟಿಗೆ ಬಂತು. ಸ್ಟೀರಿಂಗಿಗೆ ಗುದ್ದಿದೆ. ಹಾರ್ನ್ ಹೊಡೆದುಕೊಂಡಿತು.

ಆಗ ಗೆಳೆಯ ನೆಲಕ್ಕೆ ಮಲಗಿ ಆಕ್ಸೆಲ್ ನೋಡಿದವನು ಎದ್ದು ಓಡಿಬಂದ.

"ರಿವರ್ಸ್ ಹಾಕು!"

"ಹಿಂದೆ ಗೋಡೆ ಇದೆಯಲ್ಲೋ, ಕುರುಡ!"

"ನೀನು ಆಕ್ಸೆಲ್ ಉಲ್ಟಾ ಹಾಕಿದ್ದಲ್ವಾ? ಹಾಗಾದ್ರೆ ರಿವರ್ಸೇ ಈಗ ಮುಂದಕ್ಕೆ. ಹಾಕು ಮಾರಾಯ, ಆಮೇಲೆ ಅಳು!"

ಹಾಕಿದೆ. ಕಾರು ಒಮ್ಮೆ ನಡುಗಿ, ಕರು ಹಾಕುವ ಎಮ್ಮೆಯ ಹಾಗೆ ಅರಚಿ, ಮುಂದಕ್ಕೆ ತೆವಳಿತು. ನಾಲ್ಕು ನಿಂಬೆಹಣ್ಣುಗಳೂ ಒಂದೊಂದಾಗಿ ಚಟ್ಟೆಂದು ಅಪ್ಪಚ್ಚಿಯಾದವು. "ಹೂಂ!" ಅಂತ ಅಮ್ಮ ಉಸಿರು ಬಿಟ್ಟದ್ದು ಇಂಜಿನ್ನಿನ ಸದ್ದಿನಲ್ಲೂ ಕೇಳಿಸಿತು. ಗೇಟಿನ ಹತ್ತಿರ ಬರುವಷ್ಟರಲ್ಲಿ ಇನ್ನೊಂದು ಬಾಗಿಲು ತೆರೆದುಕೊಂಡಿತು. ಅಪ್ಪ. ಪಂಚೆಯನ್ನು ಮೊಣಕಾಲಿನ ತನಕ ಎತ್ತಿ, ನಡೆಯುತ್ತಿದ್ದ ಕಾರಿಗೆ ನಡೆದುಕೊಂಡೇ ಹತ್ತಿ ಕೂತರು. ಆ ಸೀಟು ಎಷ್ಟು ತಗ್ಗು ಅಂದರೆ ಅವರ ಮೊಣಕಾಲು ಗಲ್ಲಕ್ಕೆ ಬಂತು. ಬಾಗಿಲು ಹಾಕಿಕೊಂಡರು. ಡಿಕ್ಕಿ ತೆರೆದುಕೊಂಡಿತು.

"ಮಾತು ಕೊಟ್ಟವನು ನಾನು," ಅಂದರು ಎದುರಿಗೆ ನೋಡುತ್ತಾ. "ನಡಿ."

ರಸ್ತೆಗೆ ಬಂದೆವು. ಆ ಒಂದೇ ಗೇರಿನಲ್ಲಿ ಕಾರು ಹೋಗುತ್ತಿದ್ದ ವೇಗಕ್ಕೆ ಬಾಳೆಹಣ್ಣಿನ ಕೈಗಾಡಿಯವನು ನಮ್ಮನ್ನು ಹಿಂದಿಕ್ಕಿದ. ಮುಂದೆ ಹೋದಮೇಲೆ ತಿರುಗಿ ನೋಡಿ, ಕನಿಕರದಿಂದ ಸ್ವಲ್ಪ ನಿಧಾನ ಮಾಡಿದ. ಅಷ್ಟು ಅರಚಿ ಅಷ್ಟು ನಿಧಾನ ಹೋಗುವ ವಸ್ತುವನ್ನು ನಮ್ಮ ರಸ್ತೆ ಅದುವರೆಗೆ ಕಂಡಿರಲಿಲ್ಲ. ಮೂಲೆಯ ಹೋಟೆಲಿನ ಮುಂದೆ ಬರುವ ಹೊತ್ತಿಗೆ ಇಡ್ಲಿ ಮುಚ್ಚಳದಿಂದ ಹಬೆ ಬರುತ್ತಿತ್ತು. ಗೆಳೆಯನ ಮಾವ ಗಲ್ಲಾದಿಂದ ಎದ್ದು ಬಂದು ಮೊದಲು ಹಬೆ ನೋಡಿದರು, ಆಮೇಲೆ ಮುಚ್ಚಳ ನೋಡಿದರು. "ಓಹೋ, ಇದು ನಮ್ಮದಲ್ವಾ?" ಅಂದರು.

ಅಪ್ಪ ಕೈಮುಗಿದರು. ನಾನು ಬ್ರೇಕ್ ಹಾಕಿದೆ.

"ಇನ್ನು ವಾಪಸ್ ಹೇಗೋ?" ಅಂತ ಕೇಳಿದರು ಅಪ್ಪ.

"ಹೀಗೇ ಹಿಂದಕ್ಕೆ, ಅಪ್ಪ. ಆ ಕಡೆಗೆ ನಾಲ್ಕು ಗೇರ್ ಇದೆ."

ಅಪ್ಪ ಒಂದು ನಿಮಿಷ ಯೋಚಿಸಿದರು. ಆಮೇಲೆ ನಿಧಾನವಾಗಿ ಸೀಟಿನಲ್ಲಿ ಹಿಂದಕ್ಕೆ ತಿರುಗಿ, ತೆರೆದ ಡಿಕ್ಕಿಯ ಪಕ್ಕದಿಂದ ದಾರಿ ನೋಡತೊಡಗಿದರು. "ಎಡಕ್ಕೆ ಒಂದು ಹಸು ಇದೆ. ಉಳಿದದ್ದು ಖಾಲಿ."

ಫಸ್ಟ್ ಹಾಕಿದೆ. ಕಾರು ಮೊದಲ ಬಾರಿಗೆ ಸ್ಪೋರ್ಟ್ಸ್ ಕಾರಿನ ಹಾಗೆ ಹಾರಿತು, ಹಿಂಭಾಗ ಮುಂದಾಗಿ. ಸೆಕೆಂಡ್ ಹಾಕಿದೆ. ಅಪ್ಪನ ಶಲ್ಯ ಗಾಳಿಗೆ ಎದ್ದು ನನ್ನ ಮುಖಕ್ಕೆ ಬಂತು. ಅಷ್ಟರಲ್ಲಿ ಗಾಡಿ ತಿರುಗಿಸಿಕೊಂಡು ವಾಪಸ್ ಹೊರಟಿದ್ದ ಬಾಳೆಹಣ್ಣಿನವನನ್ನು ಹಿಂದಿಕ್ಕಿದೆವು. ಯಾವ ದಿಕ್ಕಿನಿಂದ ಅಂತ ಅವನಿಗೇ ಗೊತ್ತಾಗಲಿಲ್ಲ. ಆಗ ಸೀಟಿ ಕೇಳಿಸಿತು. ಹವಾಲ್ದಾರ ರಸ್ತೆಯ ನಡುವೆ ಕೈ ಚಾಚಿ ನಿಂತಿದ್ದ.

"ಕಾಯ ಹೇ? ಗಾಡಿ ಉಲ್ಟಾ ಕಾಯ್ಕೋ ಚಲಾತಾ ಹೈ?" ಏನಿದು, ಗಾಡಿ ಯಾಕೆ ಹಿಂದುಮುಂದಾಗಿ ಓಡಿಸ್ತೀಯ?

ಅಪ್ಪ ಪಂಚೆ ಸರಿಪಡಿಸಿಕೊಂಡು, ಬ್ಯಾಂಕಿನಲ್ಲಿ ಕೌಂಟರಿನ ಆಚೆಯವರಿಗೆ ಹೇಳುವ ಗಂಭೀರ ದನಿಯಲ್ಲಿ ಉತ್ತರಿಸಿದರು:

"ಹವಾಲ್ದಾರ್ ಸಾಹೇಬ್, ಇಸ್ ಗಾಡಿ ಕಾ ಸೀಧಾ ಯಹೀ ಹೈ." ಈ ಗಾಡಿಗೆ ನೇರ ಅಂದರೆ ಇದೇ.

ಹವಾಲ್ದಾರ ಕಾರನ್ನು ಒಂದು ಸುತ್ತು ಬಂದ. ಇಡ್ಲಿ ಮುಚ್ಚಳ ನೋಡಿದ, ಅದರ ಮೇಲಿನ ಕುಂಕುಮ ನೋಡಿದ, ಅಪ್ಪನ ಗಂಧ ನೋಡಿದ. "ದಸರಾ ಹೈ ಇಸ್ಲಿಯೇ ಛೋಡ್ತಾ ಹೂಂ. ಘರ್ ಜಾವ್. ಔರ್ ಉಸ್ ಕೋ ದಿಖಾವೋ ಕಿಸೀ ಕೋ," ಅಂದ. ದಸರೆ ಅಂತ ಬಿಟ್ಟದ್ದು ಸರಿ, ಯಾರಿಗಾದರೂ ತೋರಿಸಿ ಅಂದದ್ದು ಕಾರನ್ನೋ ನನ್ನನ್ನೋ ಅಂತ ಕೇಳಲು ನಾನು ನಿಲ್ಲಲಿಲ್ಲ.

ಗೇಟಿನೊಳಗೆ ಬೆನ್ನು ಹಾಕಿಯೇ ನುಗ್ಗಿ, ಬಿಟ್ಟ ಜಾಗದಲ್ಲೇ ನಿಲ್ಲಿಸಿದೆ. ಚೇರ್ಮನ್ ಕುರ್ಚಿಯಿಂದ ಎದ್ದಿದ್ದರು.

"ಯೇ ನಹೀ ಚಲೇಗಾ! ಪೂರಾ ಉಲ್ಟಾ ಥಾ!" ಇದು ನಡೆಯುವುದಿಲ್ಲ, ಪೂರ್ತಿ ಉಲ್ಟಾ ಬಂತು!

ಅಪ್ಪ ಕಾರಿನಿಂದ ಇಳಿಯಲು ಎರಡು ಸಲ ನೋಡಿದರು, ಮೂರನೆಯ ಸಲ ನಾನು ಕೈಹಿಡಿದು ಎಳೆದೆ. ನಿಂತ ಕೂಡಲೇ ಸೆಕ್ರೆಟರಿಯಾದರು. "ಮೈ ಬೋಲಾ, ಗಾಡಿ ಅಪನೇ ಆಪ್ ಬಾಹರ್ ಜಾಯೇಗಾ, ವಾಪಸ್ ಆಯೇಗಾ. ಗಯಾ. ಆಯಾ. ಮುಂಹ್ ಕಿಧರ್ ಹೋನಾ ಚಾಹಿಯೇ, ಐಸಾ ರೂಲ್ ಕಿಧರ್ ಹೈ?" ಹೋಯಿತು, ಬಂತು, ಮುಖ ಯಾವ ಕಡೆಗಿರಬೇಕು ಅನ್ನುವ ರೂಲು ಎಲ್ಲಿದೆ?

ಚೇರ್ಮನ್ ಬಾಯಿ ತೆರೆದರು. ವಿಮಾನ ಬಂತು. ಅದು ಹೋದಮೇಲೆ ಅವರು ಎಲ್ಲಿ ನಿಲ್ಲಿಸಿದ್ದರೋ ಅವರಿಗೇ ಮರೆತುಹೋಯಿತು, ಅಥವಾ ಗ್ಯಾಲರಿಗಳಲ್ಲಿ ಜನ ಚಪ್ಪಾಳೆ ಹೊಡೆಯುತ್ತಿದ್ದುದನ್ನು ನೋಡಿ ಮರೆತ ಹಾಗೆ ಮಾಡಿದರು. ಮುಂದಿನ ಗಣಪತಿಗೆ ಜಾಗ ಖಾಲಿಯಿರುತ್ತದೆ ಅಂತ ಅಪ್ಪ ಅವರಿಗೆ ಅಲ್ಲೇ ಮಾತು ಕೊಟ್ಟರು. ಈ ಮನುಷ್ಯನಿಗೆ ಮಾತು ಕೊಡುವ ಚಟ ಬಿಡಿಸುವವರು ಯಾರು ಅಂತ ನನಗೆ ತಲೆಬಿಸಿಯಾಯಿತು.

ಅಮ್ಮ ಮಧ್ಯಾಹ್ನ ಪಾಯಸ ಬಡಿಸುವಾಗ ಒಂದೇ ಮಾತು ಹೇಳಿದಳು. "ಮುಂದಿನ ವರ್ಷ ನಿಂಬೆಹಣ್ಣು ಚಕ್ರದ ಯಾವ ಕಡೆ ಇಡಬೇಕು ಅಂತ ಮೊದ್ಲೇ ಹೇಳ್ಬಿಡು. ನನ್ನ ಕಣ್ಣಿಗೆ ಭ್ರಮೆ ನೋಡು." ನಾನು ತಲೆ ಎತ್ತದೆ ಪಾಯಸ ಕುಡಿದೆ. ಎರಡನೆಯ ಸಲ ಅವಳು ನನಗೆ ಬಡಿಸಲಿಲ್ಲ.

ಅಪ್ಪ ಊಟವಿಡೀ ಮಾತಾಡಲಿಲ್ಲ. ಸ್ಕೂಟರಿನ ತಗ್ಗಿನ ಬಗ್ಗೆ, ಹವಾಲ್ದಾರನ ಬಗ್ಗೆ, ಎಲ್ಲದಕ್ಕೂ ಸೇರಿಸಿ ಒಂದು ದೊಡ್ಡ ಬೈಗುಳ ತಯಾರಾಗುತ್ತಿದೆ ಅಂದುಕೊಂಡು ನಾನು ಬೇಗ ಬೇಗ ಕೈತೊಳೆದು ಕೆಳಗೆ ಓಡಿದೆ. ಆಕ್ಸೆಲ್ ಬಿಚ್ಚಿ ಅವತ್ತೇ ಸರಿಮಾಡಿಬಿಡಬೇಕು ಅಂತ ಕಾರಿನ ಕೆಳಗೆ ತೂರಿಕೊಂಡು ಮೊದಲ ನಟ್ಟಿಗೆ ಪಾನಾ ಹಾಕಿದ್ದೆ ಅಷ್ಟೇ. ಕಾರಿನ ಪಕ್ಕ ಎರಡು ಕಾಲು ಬಂದು ನಿಂತವು. ಅಪ್ಪನ ಕಾಲು, ಆಫೀಸಿನ ಪ್ಯಾಂಟಿನಲ್ಲಿ.

"ಬಿಚ್ಚೋಕೆ ಶುರು ಮಾಡಿದ್ಯಾ?"

"ಹೂಂ ಅಪ್ಪ. ಸಾಯಂಕಾಲದೊಳಗೆ ಸರಿಯಾಗತ್ತೆ. ಇನ್ಮೇಲೆ ಎಲ್ಲರ ಕಾರಿನ ಥರ ಮುಂದಕ್ಕೇ ಹೋಗತ್ತೆ."

ಕಾಲುಗಳು ಹೋಗಲಿಲ್ಲ. ಅಪ್ಪ ಕೆಮ್ಮಿದರು. ಗೇಟಿನ ಕಡೆ, ಗ್ಯಾಲರಿಗಳ ಕಡೆ ನೋಡಿರಬೇಕು, ಯಾಕೆಂದರೆ ದನಿ ತಗ್ಗಿಸಿದರು.

"ಅಲ್ವೋ, ನೀನು ಸೆಕೆಂಡಿಗೇ ನಿಲ್ಲಿಸಿಬಿಟ್ಟೆ. ಇನ್ನೂ ಎರಡು ಗೇರ್ ಇತ್ತು ಅಂದ್ಯಲ್ಲ."